ಸವೆದ ನೆಲವನ್ನು ಸರಿಪಡಿಸುವುದು, ಸರಿಯಾಯಿತೇ ಎಂದು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಊರ ಗೋಮಾಳ, ಬೀಳು ಬಿಟ್ಟ ಹೊಲ, ಕೊರಕಲು ಬಿದ್ದ ದಿನ್ನೆ. ಇವನ್ನು ಸರಿಪಡಿಸಬೇಕು ಅಂತ ಹೊರಟವರು ನಮ್ಮನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉತ್ತರಗಳು ಹೆಚ್ಚಾಗಿ ಬಯಲುಸೀಮೆಗೆ ಹೊಂದುವಂಥವು. ಮಲೆನಾಡು, ಕರಾವಳಿಯ ಮಳೆ ಬೇರೆ, ಮಣ್ಣು ಬೇರೆ. ಅಲ್ಲಿಗೆ ಇದನ್ನೇ ಹಾಗೇ ಎತ್ತಿಕೊಂಡು ಹೋಗಬೇಡಿ.

ನೆಲ ಹಾಳಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ನೋಡೋಕೆ ಚೆನ್ನಾಗೇ ಇದೆಯಲ್ಲ?

ಒಂದು ಜೋರು ಮಳೆ ಬಿದ್ದ ಮರುದಿನ ಹೋಗಿ ನೋಡಿ. ಹಳ್ಳದ ನೀರು ಕೆಂಪಗೆ ಹರಿಯುತ್ತಿದ್ದರೆ ಅದು ಯಾರದೋ ಹೊಲದ ಮೇಲ್ಮಣ್ಣು. ಮರದ ಬೇರು ಹೊರಗೆ ಕಾಣುತ್ತಿದೆಯಾ? ಹತ್ತು ವರ್ಷದ ಹಿಂದೆ ಇಲ್ಲದ ನೊರಜುಗಲ್ಲು ಈಗ ಮೇಲೆದ್ದಿದೆಯಾ? ಮೇಲ್ಪದರ ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿ ಬಿರುಕು ಬಿಟ್ಟಿದೆಯಾ? ದನ ಮುಟ್ಟದ ಕಳೆ ಜಾಸ್ತಿಯಾಗಿ, ಮೊದಲಿದ್ದ ಹುಲ್ಲು ಕಾಣೆಯಾಗಿದೆಯಾ? ಇವೆಲ್ಲ ನೆಲ ಸವೆಯುತ್ತಿರುವ ಗುರುತುಗಳು.

ಸವೆತ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಒಂದು ಎಕರೆಯಿಂದ ಬರೀ ಒಂದು ಮಿಲಿಮೀಟರ್ ಮಣ್ಣು ಹೋದರೆ ಅದು ಸುಮಾರು 4 ಘನ ಮೀಟರ್, ಅಂದರೆ 5 ಟನ್ ಆಸುಪಾಸು. ಒಂದು ಟ್ರ್ಯಾಕ್ಟರ್ ಲೋಡಿಗಿಂತ ಹೆಚ್ಚು. ಹಗಲಲ್ಲಿ ಯಾರಾದರೂ ಟ್ರ್ಯಾಕ್ಟರ್ ತಂದು ಅಷ್ಟು ಮಣ್ಣು ತುಂಬಿಕೊಂಡು ಹೋದರೆ ಊರೇ ಜಗಳಕ್ಕೆ ನಿಲ್ಲುತ್ತದೆ. ಮಳೆ ಹೊತ್ತುಕೊಂಡು ಹೋದರೆ ಗೊತ್ತೇ ಆಗುವುದಿಲ್ಲ. ಹಾಗೆ ಹೋದ ಮಣ್ಣು ಕೆರೆಯಲ್ಲಿ, ಜಲಾಶಯದಲ್ಲಿ ಕೂರುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಹೊಲದಿಂದ ಅಡಿಕೆ ಗಾತ್ರದ ಒಣ ಹೆಂಟೆ ತನ್ನಿ. ಬದುವಿನ ಮೇಲೆ, ಹುಲ್ಲಿನ ಬುಡದಿಂದ ಅಷ್ಟೇ ದೊಡ್ಡ ಇನ್ನೊಂದು ಹೆಂಟೆ ತೆಗೆಯಿರಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಮೆಲ್ಲಗೆ ಬಿಡಿ. ಸತ್ವ ಕಳೆದುಕೊಂಡ ಮಣ್ಣು ನೋಡನೋಡುತ್ತಲೇ ಕರಗಿ ರಾಡಿಯಾಗುತ್ತದೆ. ಬೇರು ಹೆಣೆದ ಹೆಂಟೆ ಎಷ್ಟೋ ಹೊತ್ತು ಹಾಗೇ ಕೂತಿರುತ್ತದೆ, ನೀರೂ ತಿಳಿಯಾಗಿಯೇ ಇರುತ್ತದೆ. ಯಾವ ಭಾಷಣಕ್ಕಿಂತಲೂ ಈ ಎರಡು ಲೋಟ ಹೆಚ್ಚು ಜನರಿಗೆ ವಿಷಯ ಮನದಟ್ಟು ಮಾಡಿದ್ದನ್ನು ನಾನು ನೋಡಿದ್ದೇನೆ.

ದೇಶದಲ್ಲಿ ಎಷ್ಟು ನೆಲ ಹೀಗಾಗಿದೆ?

ಅಹಮದಾಬಾದಿನಲ್ಲಿರುವ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಉಪಗ್ರಹ ಚಿತ್ರ ಬಳಸಿ ಇದರ ನಕಾಶೆ ಮಾಡಿದೆ. 2018-19ರ ಲೆಕ್ಕದಲ್ಲಿ 9.78 ಕೋಟಿ ಹೆಕ್ಟೇರ್, ಅಂದರೆ ದೇಶದ ನೆಲದ ಶೇ 29.77ರಷ್ಟು. 2003-05ರಲ್ಲಿ ಇದು ಶೇ 28.76 ಇತ್ತು. ಕರ್ನಾಟಕದ ಪಾಲು ದೇಶದ ಸರಾಸರಿಗಿಂತ ಹೆಚ್ಚು. 2011-13ರ ನಕಾಶೆಯಲ್ಲೇ ನಮ್ಮ ರಾಜ್ಯದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೆಲ ಸವೆದ ಪಟ್ಟಿಯಲ್ಲಿತ್ತು. 2030ರೊಳಗೆ 2.6 ಕೋಟಿ ಹೆಕ್ಟೇರ್ ಸರಿಪಡಿಸುತ್ತೇವೆ ಅಂತ ಭಾರತ 2019ರಲ್ಲಿ ವಿಶ್ವಸಂಸ್ಥೆಯ ಮರುಭೂಮಿ ತಡೆ ಸಮ್ಮೇಳನದಲ್ಲಿ ಮಾತು ಕೊಟ್ಟಿದೆ.

ನಿಸರ್ಗ ಆಧಾರಿತ ಪರಿಹಾರ ಅಂದರೆ ಗಿಡ ನೆಡುವುದೇ ಅಲ್ವಾ?

ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮಲ್ಲಿ ಆಗುವ ತಪ್ಪುಗಳಲ್ಲಿ ಅರ್ಧ ಇಲ್ಲೇ ಆಗುತ್ತವೆ.

ಮಣ್ಣು, ಹುಲ್ಲು, ಪೊದೆ, ಮರ, ಎರೆಹುಳು, ಗೆದ್ದಲು, ಮೇಯುವ ದನ ಇವೆಲ್ಲ ಸೇರಿ ನೆಲವನ್ನು ಕಾಯುತ್ತವೆ. ಆ ವ್ಯವಸ್ಥೆ ಮತ್ತೆ ತಾನೇ ನಡೆಯುವ ಹಾಗೆ ಮಾಡುವುದೇ ಈ ದಾರಿ. ಎಲ್ಲಿ ಕಾಡಿತ್ತೋ ಅಲ್ಲಿ ಕಾಡು. ಎಲ್ಲಿ ಹುಲ್ಲುಗಾವಲಿತ್ತೋ ಅಲ್ಲಿ ಹುಲ್ಲುಗಾವಲು. ಚಿತ್ರದುರ್ಗ, ತುಮಕೂರು, ಹಾವೇರಿ ಕಡೆಯ ಕಾವಲುಗಳು (ದನ ಮೇಯಲೆಂದು ಬಿಟ್ಟ ಬಯಲುಗಳು) ಮೊದಲಿಂದಲೂ ಹುಲ್ಲಿನ ನೆಲವೇ. ಅಲ್ಲಲ್ಲಿ ಒಂದು ಬನ್ನಿ, ಒಂದು ಕರಿಜಾಲಿ. ಮಧ್ಯೆ ಎಲ್ಲ ಹುಲ್ಲು. ಅಮೃತಮಹಲ್ ದನ ಬೆಳೆದಿದ್ದು ಅಂಥ ನೆಲದಲ್ಲಿ. ಕಂದಾಯ ದಾಖಲೆಯಲ್ಲಿ ಇವಕ್ಕೆ ‘ಪಾಳು’ ಅಂತ ಹೆಸರು ಬಿದ್ದದ್ದೇ ದೊಡ್ಡ ಅನ್ಯಾಯ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡಿ. ಸುಮಾರು 119 ಚದರ ಕಿಲೋಮೀಟರ್. 1974ರಲ್ಲಿ ಘೋಷಣೆಯಾಯಿತು. ಕುರುಚಲು, ಹುಲ್ಲು ಇದ್ದ ನೆಲದ ಬಹುಭಾಗಕ್ಕೆ ನೀಲಗಿರಿ ಬಂತು. ಕೃಷ್ಣಮೃಗ ಬಯಲಿನ ಪ್ರಾಣಿ. ಅದಕ್ಕೆ ಓಡಲು ಬಯಲು ಬೇಕು, ಮೇಯಲು ಹುಲ್ಲು ಬೇಕು. ನೀಲಗಿರಿ ತೋಪಿನ ಕೆಳಗೆ ಏನು ಸಿಗುತ್ತದೆ? ನಕಾಶೆಯ ಮೇಲೆ ಮಾತ್ರ ಅದು ಹಸಿರು. ನೀಲಗಿರಿ ನೀರು ಎಳೆಯುತ್ತದೆ ಅಂತ ಕೋಲಾರದ ಕಡೆ ರೈತರು ವರ್ಷಗಟ್ಟಲೆ ಹೇಳಿದ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಆದ್ದರಿಂದ ಮೊದಲು ಊರಿನ ಹಿರಿಯರನ್ನು ಕೇಳಿ: ‘ನೀವು ಸಣ್ಣವರಿದ್ದಾಗ ಇಲ್ಲಿ ಏನಿತ್ತು?’ ಆ ಉತ್ತರ ಬರೆದಿಟ್ಟುಕೊಳ್ಳಿ. ನರ್ಸರಿಗೆ ಹೋಗುವ ಮಾತು ಆಮೇಲೆ.

ಹಾಗಾದರೆ ಮೊದಲು ಮಾಡುವ ಕೆಲಸ ಯಾವುದು?

ನೀರು ನಿಲ್ಲಿಸುವುದು. ಅದೂ ಮೇಲಿನಿಂದ ಕೆಳಕ್ಕೆ.

ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಚಳ್ಳಕೆರೆ ಕಡೆ ವರ್ಷವಿಡೀ ಬೀಳುವುದು 500 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ನಾಲ್ಕೈದು ಜೋರು ಮಳೆಯಲ್ಲೇ ಬಂದುಹೋಗುತ್ತದೆ. ಆ ನಾಲ್ಕೈದು ದಿನ ನೆಲ ನೀರನ್ನು ಕುಡಿಯಿತಾ, ಹರಿಯಬಿಟ್ಟಿತಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಗುಡ್ಡದ ನೆತ್ತಿಯಿಂದ ಶುರು ಮಾಡಿ. ಕೆಳಗೆ ಹಳ್ಳಕ್ಕೆ ದೊಡ್ಡ ಚೆಕ್ ಡ್ಯಾಂ ಕಟ್ಟಿ ಮೇಲೆ ಏನೂ ಮಾಡದಿದ್ದರೆ ನಾಲ್ಕೇ ವರ್ಷಕ್ಕೆ ಅದು ಹೂಳು ತುಂಬಿದ ತೊಟ್ಟಿ. ನೆತ್ತಿಯಲ್ಲಿ ಸಮಮಟ್ಟದ ಸಣ್ಣ ಕಂದಕ, ಅದರ ಕೆಳಗೆ ಹುಲ್ಲಿನ ಪಟ್ಟಿ, ಹೊಲಗಳಲ್ಲಿ ಬದು, ಕೊರಕಲಿನ ತಲೆಯಲ್ಲಿ ಮೊಣಕಾಲೆತ್ತರದ ಕಲ್ಲಿನ ತಡೆ. ದೊಡ್ಡದು ಒಂದರ ಬದಲು ಚಿಕ್ಕವು ಇಪ್ಪತ್ತು ಇರಲಿ. ಓಡುವ ನೀರು ನಡೆಯಬೇಕು, ನಡೆಯುವ ನೀರು ನಿಲ್ಲಬೇಕು.

ಸಮಮಟ್ಟ ಹಿಡಿಯಲು ದುಬಾರಿ ಯಂತ್ರ ಬೇಡ. ಎರಡು ಉದ್ದ ಕೋಲುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಕಾಲು ಅಗಲಿಸಿ ನಿಲ್ಲಿಸಿ. ನಡುವೆ ಅಡ್ಡಕ್ಕೆ ಒಂದು ಕೋಲು ಕಟ್ಟಿ. ನೆತ್ತಿಯಿಂದ ದಾರ ಇಳಿಬಿಟ್ಟು ಅದಕ್ಕೆ ಒಂದು ಕಲ್ಲು ಕಟ್ಟಿ. ಎರಡು ಕಾಲೂ ಒಂದೇ ಮಟ್ಟದಲ್ಲಿದ್ದಾಗ ದಾರ ಅಡ್ಡಕೋಲನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಗುರುತು ಮಾಡಿ. ಆಮೇಲೆ ಗುಡ್ಡದ ಮೇಲೆ ಒಂದು ಕಾಲು ಊರಿ, ಇನ್ನೊಂದನ್ನು ದಾರ ಗುರುತಿಗೆ ಬರುವ ತನಕ ಮೇಲೆ ಕೆಳಗೆ ಸರಿಸುತ್ತಾ, ಹೆಜ್ಜೆಗೊಂದು ಗೂಟ ಹೊಡೆಯುತ್ತಾ ಹೋಗಿ. ಎರಡು ಜನ ಸೇರಿದರೆ ಅರ್ಧ ದಿನದಲ್ಲಿ ಒಂದು ಸಾಲು ಮುಗಿಯುತ್ತದೆ.

ಬದು ಹಾಕಿ ಸುಮ್ನೆ ಬಿಟ್ಟರೆ ಎರಡು ಮಳೆಗೆ ಒಡೆಯುತ್ತದೆ. ಅದನ್ನು ಹಿಡಿದಿಡುವುದು ಬೇರು. ಗುಂಡ್ಲುಪೇಟೆ ಸೀಮೆಯ ರೈತರು ಹಿಂದಿನಿಂದಲೂ ಹೊಲದ ಗಡಿಗೆ ಲಾವಂಚ ಹಾಕುತ್ತಿದ್ದರು. ಅದರ ಬೇರು ಅಡ್ಡಕ್ಕೆ ಹರಡುವುದಿಲ್ಲ, ನೇರ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಪಕ್ಕದ ಬೆಳೆಗೆ ತೊಂದರೆ ಇಲ್ಲ. ದನ ಬಲಿತ ಲಾವಂಚವನ್ನು ಅಷ್ಟಾಗಿ ಮೇಯುವುದಿಲ್ಲ. ಒತ್ತಾಗಿ ನೆಟ್ಟ ಸಾಲು ಮಣ್ಣನ್ನು ಸೋಸಿ ನೀರನ್ನು ಮಾತ್ರ ಬಿಡುತ್ತದೆ.

ಕುರಿ, ಮೇಕೆಗಳನ್ನು ಹೊರಗಿಟ್ಟರೆ ಸಾಕಾ?

ಒಂದೆರಡು ಮಳೆಗಾಲ ಮೇಯಿಸುವುದನ್ನು ನಿಲ್ಲಿಸಿದರೆ ಹುಲ್ಲು ಬರುತ್ತದೆ, ಅದು ನಿಜ. ಆದರೆ ಬೇಲಿ ಹಾಕಿ ಕಾವಲುಗಾರನನ್ನು ಕೂರಿಸಿದ ಜಾಗಗಳಲ್ಲಿ, ದುಡ್ಡು ಮುಗಿದ ದಿನವೇ ಬೇಲಿಯೂ ಮುಗಿಯುತ್ತದೆ. ಕುರಿ ಸಾಕುವವರು ಊರಿನ ಬಡವರು. ಅವರನ್ನು ಬಿಟ್ಟು ಸಭೆ ಮಾಡಿ ನಿರ್ಧಾರ ತೆಗೆದುಕೊಂಡರೆ ಅದು ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಹರಿಯಾಣದ ಸುಖೋಮಾಜ್ರಿಯಲ್ಲಿ 1970ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಆ ಊರಿನ ಮೇಲಿನ ಗುಡ್ಡ ಸವೆದು ಚಂಡೀಗಢದ ಸುಖನಾ ಸರೋವರಕ್ಕೆ ಹೂಳು ತುಂಬುತ್ತಿತ್ತು. ಸಣ್ಣ ಮಣ್ಣಿನ ಅಣೆಕಟ್ಟು ಕಟ್ಟಿ, ಆ ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು ಕೊಟ್ಟರು. ಜಮೀನಿಲ್ಲದ ಮನೆಗೂ ಪಾಲು. ಅದಕ್ಕೆ ಬದಲಾಗಿ ಜನ ಗುಡ್ಡಕ್ಕೆ ದನ ಬಿಡುವುದನ್ನು ತಾವೇ ನಿಲ್ಲಿಸಿದರು. ಬೇಲಿ ಇಲ್ಲ, ಮಾತೇ ಬೇಲಿ.

ನಮ್ಮ ಗೋಮಾಳಕ್ಕೆ ಸರಿ ಹೋಗುವುದು ಸರದಿ ಮೇವು. ನೆಲವನ್ನು ನಾಲ್ಕು ಭಾಗ ಮಾಡಿ, ಒಂದೊಂದು ಮಳೆಗಾಲ ಒಂದೊಂದಕ್ಕೆ ವಿರಾಮ. ಹುಲ್ಲು ಬೀಜ ಉದುರಿಸಿದ ಮೇಲೆ ಕೊಯ್ದು ಹೊರಲು ಎಲ್ಲರಿಗೂ ಬಿಡಿ. ಇನ್ನೊಂದು ಮಾತು, ಕುರಿ ನೆಲದ ಶತ್ರು ಅಲ್ಲ. ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಲು ಕುರಿಗಾಹಿಗಳಿಗೆ ಕಾಳು, ದುಡ್ಡು ಕೊಟ್ಟು ಕರೆಸುತ್ತಿದ್ದವರು ನಮ್ಮ ಅಜ್ಜಂದಿರೇ ಅಲ್ವಾ?

ನಮ್ಮ ಗೋಮಾಳ ಪೂರ್ತಿ ಬಳ್ಳಾರಿ ಜಾಲಿ. ಜೆಸಿಬಿ ತರಿಸಿ ಕಿತ್ತು ಹಾಕೋಣವಾ?

ಒಂದೇ ಸಲ ಬೇಡ. ಜೆಸಿಬಿ ಇಡೀ ನೆಲವನ್ನು ಬೆತ್ತಲೆ ಮಾಡಿ ಹೋಗುತ್ತದೆ. ಮುಂದಿನ ಮಳೆಗೆ ಮಣ್ಣೂ ಹೋಗುತ್ತದೆ.

ಈ ಜಾಲಿ ಅಮೆರಿಕ ಖಂಡದಿಂದ ಬಂದಿದ್ದು. ನೆಲಮಟ್ಟಕ್ಕೆ ಕಡಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಚಿಗುರುವ ಮೊಗ್ಗುಗಳು ಬುಡದಲ್ಲಿ, ಮಣ್ಣಿನ ಸ್ವಲ್ಪ ಕೆಳಗೇ ಇರುತ್ತವೆ. ಆದ್ದರಿಂದ ಅರ್ಧ ಅಡಿಗಿಂತ ಕೆಳಗೆ ಬೇರು ಕಡಿಯಬೇಕು. ಅದರ ಕಾಯಿ ಸಿಹಿ. ದನ, ಮೇಕೆ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜವನ್ನು ಊರೆಲ್ಲ ಹರಡುತ್ತವೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಹಾಗಾಗಿ ಒಂದು ವರ್ಷ ಒಂದೆರಡು ಎಕರೆ ತೆಗೆಯಿರಿ, ಅದೇ ಮಳೆಗೆ ಅಲ್ಲಿ ಹುಲ್ಲಿನ ಬೀಜ ಚೆಲ್ಲಿ, ಮೂರು ವರ್ಷ ಸಸಿ ಕಂಡಲ್ಲೆಲ್ಲ ಕೈಯಿಂದ ಕೀಳಿ. ಸೌದೆ, ಇದ್ದಿಲಿಗೆ ಇದನ್ನೇ ನಂಬಿದ ಮನೆಗಳು ಇದ್ದೇ ಇರುತ್ತವೆ. ಅವರಿಗೇ ಕಡಿಯುವ ಕೆಲಸ ಕೊಡಿ.

ಯಾವ ಗಿಡ ನೆಡಬೇಕು?

ನೆಡುವ ಮೊದಲು ನೆಲ ಬಗ್ಗಿ ನೋಡಿ. ಕಡಿದ ಮರಗಳ ಕೊರಡುಗಳು ಬದುಕಿಯೇ ಇರುತ್ತವೆ. ಪ್ರತಿ ವರ್ಷ ಚಿಗುರು ಬರುತ್ತದೆ, ಮೇಕೆ ತಿನ್ನುತ್ತದೆ, ಮತ್ತೆ ಬರುತ್ತದೆ. ಆಫ್ರಿಕಾದ ನೈಜರ್ ದೇಶದಲ್ಲಿ 1980ರ ದಶಕದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದವರು ವರ್ಷಗಟ್ಟಲೆ ಸಸಿ ನೆಟ್ಟು ಸೋತ ಮೇಲೆ ಇದನ್ನು ಕಂಡುಕೊಂಡರು. ಕೊರಡಿನ ಹತ್ತಾರು ಚಿಗುರಿನಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿ ಉಳಿದದ್ದನ್ನು ಸವರಿದರೆ, ಕೆಳಗೆ ಹಳೇ ಬೇರು ಇರುವುದರಿಂದ ಮರ ಬೇಗ ಎದ್ದು ನಿಲ್ಲುತ್ತದೆ. ಅಲ್ಲಿನ ರೈತರು ಹೀಗೇ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ತಂದರು. ನೀರು ಹಾಕುವ ಖರ್ಚೂ ಇಲ್ಲ.

ಕೊರಡು ಇಲ್ಲದ ಕಡೆ ನೆಡಿ. ಹುಣಸೆ, ಬೇವು, ಹೊಂಗೆ, ಕಮರ, ಬೋರೆ, ಸೀತಾಫಲ, ತಂಗಡಿ. ಹತ್ತಿರದ ಗುಡ್ಡದಲ್ಲಿ ತಾನಾಗಿ ಬೆಳೆದದ್ದೇ ನಿಮ್ಮ ಪಟ್ಟಿ.

ಉಪಗ್ರಹ ಚಿತ್ರದಲ್ಲಿ ನಮ್ಮೂರ ನೆಲ ನೋಡಬಹುದಾ?

ಖಂಡಿತ, ಅದೂ ಪುಕ್ಕಟೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ ಇವೆ, 2008ರಿಂದ ಎಲ್ಲರಿಗೂ ಉಚಿತ. ಯುರೋಪಿನ ಸೆಂಟಿನೆಲ್-2 ಸುಮಾರು ಐದು ದಿನಕ್ಕೊಮ್ಮೆ ಚಿತ್ರ ಕೊಡುತ್ತದೆ. ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಚೌಕ. ಇಸ್ರೋದ ಭುವನ್ ಜಾಲತಾಣವೂ ಇದೆ.

ಎಲೆ ಕೆಂಪು ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ವಾಪಸ್ ಕಳಿಸುತ್ತದೆ. ಈ ಎರಡರ ವ್ಯತ್ಯಾಸದಿಂದ ಹಸಿರಿನ ಅಂಕಿ ಸಿಗುತ್ತದೆ. ಅದಕ್ಕೆ ಎನ್‌ಡಿವಿಐ ಅಂತ ಹೆಸರು. ಅಂಕಿ ಒಂದರ ಹತ್ತಿರ ಹೋದಷ್ಟೂ ಹಸಿರು ದಟ್ಟ.

ಆದರೆ ಈ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಮಳೆ ಚೆನ್ನಾಗಿ ಬಂದ ವರ್ಷ ಬರಡು ನೆಲವೂ ಹಸಿರಾಗುತ್ತದೆ. ಅದಕ್ಕೇ ಮಳೆಯ ಲೆಕ್ಕ ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು. ಕೆಲಸ ಮಾಡಿದ ನೆಲದ ಜೊತೆಗೆ ಕೆಲಸ ಮಾಡದ ಪಕ್ಕದ ನೆಲವನ್ನೂ ಹೋಲಿಸಬೇಕು. ಪ್ರತಿ ವರ್ಷ ಅದೇ ತಿಂಗಳ ಚಿತ್ರ ತೆಗೆಯಬೇಕು: ಬೆಳೆ, ಹುಲ್ಲಿಗೆ ಅಕ್ಟೋಬರ್-ನವೆಂಬರ್, ಮರ, ಪೊದೆಗೆ ಫೆಬ್ರುವರಿ-ಮಾರ್ಚ್. ಜುಲೈನಲ್ಲಿ ಮೋಡವೇ ಜಾಸ್ತಿ. ಇನ್ನು, ಬಳ್ಳಾರಿ ಜಾಲಿಯೂ ನೀಲಗಿರಿಯೂ ಚಿತ್ರದಲ್ಲಿ ಒಳ್ಳೇ ಹಸಿರೇ! ಯಾವ ಹಸಿರು ಅಂತ ಹೇಳಲು ಯಾರಾದರೂ ಆ ನೆಲದ ಮೇಲೆ ನಡೆಯಲೇಬೇಕು.

ನಮ್ಮ ಹತ್ತಿರ ಮೊಬೈಲು, ಹಗ್ಗ ಬಿಟ್ಟರೆ ಏನೂ ಇಲ್ಲ.

ಅಷ್ಟೇ ಸಾಕು. ನಾಲ್ಕು ಕೆಲಸ ಮಾಡಿ.

ಒಂದು, ಫೋಟೊ. ಗಟ್ಟಿ ಕಲ್ಲೊಂದನ್ನು ನೆಟ್ಟು ಸುಣ್ಣ ಬಳಿಯಿರಿ. ಅದರ ಮೇಲೆ ಮೊಬೈಲ್ ಇಟ್ಟು, ದೂರದ ಒಂದು ಗುಡ್ಡವೋ ಗೋಪುರವೋ ನಡುವೆ ಬರುವ ಹಾಗೆ, ಪ್ರತಿ ವರ್ಷ ಅದೇ ವಾರ ಫೋಟೊ ತೆಗೆಯಿರಿ.

ಎರಡು, ಹಗ್ಗ. 50 ಮೀಟರ್ ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ. ನೂರು ಗಂಟು ಆಯಿತು. ನೆಲದ ಮೇಲೆ ಬಿಗಿಯಾಗಿ ಎಳೆದು, ಪ್ರತಿ ಗಂಟಿನ ಕೆಳಗೆ ಏನಿದೆ ಅಂತ ಬರೆಯಿರಿ: ಹುಲ್ಲು, ತರಗು, ಕಲ್ಲು, ಬರಿ ಮಣ್ಣು. ನೂರರಲ್ಲಿ ಬರಿ ಮಣ್ಣು 62 ಬಂದರೆ ನೆಲದ ಶೇ 62 ಬೆತ್ತಲೆ. ಶಾಲೆ ಮಕ್ಕಳು ಇದನ್ನು ತುಂಬಾ ಇಷ್ಟಪಟ್ಟು ಮಾಡುತ್ತಾರೆ, ಹುಲ್ಲಿನ ಹೆಸರು ಅಜ್ಜಿಯರಿಂದ ಕೇಳಿ ಬರುತ್ತಾರೆ.

ಮೂರು, ಸೈಕಲ್ ಕಡ್ಡಿ. ಇಳಿಜಾರಿನಲ್ಲಿ ಹಳೇ ಕಡ್ಡಿಗಳನ್ನು ನೆಲಕ್ಕೆ ಹೊಡೆದು, ಎಷ್ಟು ಹೊರಗಿದೆ ಅಂತ ಅಳೆದಿಡಿ. ಮುಂದಿನ ವರ್ಷ ಹೆಚ್ಚು ಹೊರಗೆ ಕಂಡರೆ ಅಷ್ಟು ಮಣ್ಣು ಹೋಗಿದೆ.

ನಾಲ್ಕು, ಗಿಡದ ಎಣಿಕೆ. ನೆಟ್ಟ ದಿನದ ಎಣಿಕೆ ಅಲ್ಲ, ಮೂರನೇ ಬೇಸಿಗೆ ದಾಟಿದ ಮೇಲಿನ ಎಣಿಕೆ. ನಾನು ಕಂಡ ಒಂದು ಗೋಮಾಳದ ಬೋರ್ಡಿನಲ್ಲಿ ನೆಟ್ಟ ಗಿಡ 2,000 ಅಂತ ಇತ್ತು. ಎರಡು ವರ್ಷದ ಮೇಲೆ ನಾವು ನಡೆದು ಎಣಿಸಿದಾಗ ಸಿಕ್ಕಿದ್ದು ಇನ್ನೂರು ಚಿಲ್ಲರೆ. ಬೋರ್ಡು ಮಾತ್ರ ಹೊಸದರ ಹಾಗೇ ಇತ್ತು. ಆ ದಿನ ಮನಸ್ಸಿಗೆ ತುಂಬಾ ಬೇಜಾರಾಯಿತು. ಉಳಿದಿದ್ದ ಇನ್ನೂರೂ ಕಂದಕದ ಕೆಳಬದಿಯಲ್ಲೇ ಇದ್ದವು. ನೀರು ಎಲ್ಲಿ ನಿಂತಿತ್ತೋ ಅಲ್ಲಿ ಗಿಡವೂ ನಿಂತಿತ್ತು.

ಎಷ್ಟು ವರ್ಷ ಕಾಯಬೇಕು?

ಹುಲ್ಲು ಎರಡು ಮಳೆಗಾಲಕ್ಕೆ ಕಾಣುತ್ತದೆ. ಪೊದೆ, ಹಕ್ಕಿ ನಾಲ್ಕೈದು ವರ್ಷಕ್ಕೆ. ಮಣ್ಣಿನ ಇಂಗಾಲ, ಅಂದರೆ ಕೊಳೆತ ಎಲೆ, ಬೇರಿನಿಂದ ಮಣ್ಣಿಗೆ ಸೇರುವ ಸತ್ವ, ಎಲ್ಲಕ್ಕಿಂತ ನಿಧಾನ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’ ಅಂತ ಬರೆಯುತ್ತಾರೆ, 0.75 ದಾಟಿದರೆ ‘ಹೆಚ್ಚು’. ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲಗಳು ಬಹಳಷ್ಟು ‘ಕಡಿಮೆ’ ಸಾಲಿನವೇ. ಅದನ್ನು ಪ್ರತಿ ವರ್ಷ ಅಳೆದು ನಿರಾಶರಾಗಬೇಡಿ. ಐದು ವರ್ಷಕ್ಕೊಮ್ಮೆ, ಅದೇ ಜಾಗ, ಅದೇ ಆಳ, ಅದೇ ತಿಂಗಳಲ್ಲಿ ಅಳೆದರೆ ಸಾಕು.

ವಿಶ್ವಸಂಸ್ಥೆಯ ಲೆಕ್ಕದಲ್ಲಿ ಮೂರು ಅಳತೆ ಇವೆ: ನೆಲದ ಹೊದಿಕೆ, ಇಳುವರಿ ಕೊಡುವ ಶಕ್ತಿ, ಮಣ್ಣಿನ ಇಂಗಾಲ. ಮೂರರಲ್ಲಿ ಒಂದು ಕೆಟ್ಟರೂ ಆ ನೆಲ ಕೆಟ್ಟ ಪಟ್ಟಿಗೇ. ಕಟ್ಟುನಿಟ್ಟು ಅನಿಸಬಹುದು, ಆದರೆ ನ್ಯಾಯವಾಗಿದೆ.

ನೀರಾವರಿಯಿಂದ ಸವಳಾದ ಹೊಲಕ್ಕೂ ಇದೇ ದಾರಿಯಾ?

ಇಲ್ಲ, ಅಲ್ಲಿ ಕಾಯಿಲೆಯೇ ಉಲ್ಟಾ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಕಡೆ ಎರೆ ನೆಲಕ್ಕೆ ನೀರು ಹೆಚ್ಚಾಗಿ, ಒಳನೀರು ಮೇಲೆ ಬಂದು ಉಪ್ಪು ತಂದಿದೆ. ಅಲ್ಲಿ ನೀರು ಹೊರಹೋಗುವ ಬಸಿಗಾಲುವೆ ಮೊದಲು ಬೇಕು. ಆಮೇಲೆ ಡಯಾಂಚ ಎಂಬ ಹಸಿರು ಗೊಬ್ಬರದ ಗಿಡ ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು. ಬಸಿಯದೆ ಬರೀ ಗೊಬ್ಬರ ಸುರಿದರೆ ದುಡ್ಡು ದಂಡ.

ಸರ್ಕಾರದಿಂದ ಏನು ಸಿಗುತ್ತದೆ?

ಜಲಾನಯನ ಅಭಿವೃದ್ಧಿ ಇಲಾಖೆಯನ್ನು ಮೊದಲು ಕೇಳಿ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡದಲ್ಲಿ ಶುರುವಾಯಿತು. ಅದರ ಮೂರನೇ ಹಂತದಲ್ಲಿ ಹಲವು ಕಿರು ಜಲಾನಯನಗಳ ಪ್ರತಿ ಸರ್ವೆ ನಂಬರಿನ ಮಣ್ಣಿನ ಆಳ, ಇಳಿಜಾರು, ಪೋಷಕಾಂಶ ಎಲ್ಲ ಬರೆದಿಟ್ಟ ಭೂಸಂಪನ್ಮೂಲ ವರದಿ ಮಾಡಿದ್ದಾರೆ. ನಿಮ್ಮೂರಿನದು ಇದೆಯಾ ಅಂತ ಕೇಳಿ ಪಡೆಯಿರಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿ ಉಳಿದ ಗಿಡದ ಲೆಕ್ಕದಲ್ಲಿ ಮೂರು ವರ್ಷ ದುಡ್ಡು ಕೊಡುತ್ತಾರೆ. ಎಣಿಕೆ ಹೀಗಿರಬೇಕು.

ಕಾರ್ಬನ್ ಕ್ರೆಡಿಟ್ ಅಂತ ಹೇಳಿ ಸಹಿ ಕೇಳುತ್ತಿದ್ದಾರೆ. ಹಾಕಬಹುದಾ?

ಅವಸರ ಬೇಡ. ನಿಮ್ಮ ಮರ, ಮಣ್ಣು ಹಿಡಿದಿಡುವ ಇಂಗಾಲವನ್ನು ಲೆಕ್ಕ ಹಾಕಿ ಮಾರುವ ಕರಾರು ಅದು. ಕರಾರು ಕನ್ನಡದಲ್ಲಿ ಇದೆಯಾ? ಎಷ್ಟು ವರ್ಷ? ಮಧ್ಯೆ ಮರ ಕಡಿದರೆ ದಂಡ ಯಾರಿಗೆ? ಅಳೆಯುವವರು ಯಾರು? ಗೋಮಾಳವಾದರೆ ಗ್ರಾಮಸಭೆಯ ಮುಂದೆ ಬಂದಿದೆಯಾ? ಇವಕ್ಕೆ ಬರಹದಲ್ಲಿ ಉತ್ತರ ಬರುವ ತನಕ ಪೆನ್ನು ಜೇಬಲ್ಲೇ ಇರಲಿ.

ಇಷ್ಟೆಲ್ಲ ಮಾಡಿದರೆ ಬೋರ್‌ವೆಲ್‌ಗೆ ನೀರು ಬರುತ್ತಾ?

ಇಂಗಿದ್ದಕ್ಕಿಂತ ಎತ್ತಿದ್ದು ಜಾಸ್ತಿಯಾದರೆ ಬರುವುದಿಲ್ಲ. ಮಹಾರಾಷ್ಟ್ರದ ಹಿವ್ರೆ ಬಜಾರ್ ಗ್ರಾಮದವರು ಗುಡ್ಡಕ್ಕೆ ಕಂದಕ ತೋಡಿದರು, ಮರ ಕಡಿಯುವುದನ್ನೂ ಮನಬಂದಂತೆ ಮೇಯಿಸುವುದನ್ನೂ ನಿಲ್ಲಿಸಿದರು. ಅದರ ಜೊತೆಗೇ ಬೇಸಾಯಕ್ಕೆ ಬೋರ್‌ವೆಲ್ ಬೇಡ, ಹೆಚ್ಚು ನೀರು ಕುಡಿಯುವ ಕಬ್ಬು ಬೇಡ ಅಂತ ಒಪ್ಪಿಕೊಂಡರು. ಪ್ರತಿ ವರ್ಷ ಬಿದ್ದ ಮಳೆ ಅಳೆದು, ನೀರಿನ ಜಮಾಖರ್ಚು ಮಾಡಿ, ಆ ವರ್ಷದ ಬೆಳೆ ಯಾವುದು ಅಂತ ಊರು ಕೂತು ತೀರ್ಮಾನಿಸುತ್ತದೆ. ಕಂದಕದ ಕಥೆ ಎಲ್ಲರೂ ಹೇಳುತ್ತಾರೆ. ಈ ಜಮಾಖರ್ಚಿನ ಕಥೆ ಕೇಳಲು ಯಾರಿಗೂ ಮನಸ್ಸಿಲ್ಲ.

ಯಾವ ತಿಂಗಳು ಶುರು ಮಾಡಲಿ?

ಫೆಬ್ರುವರಿ-ಮಾರ್ಚ್‌ನಲ್ಲಿ ಹಿರಿಯರ ಜೊತೆ ನೆಲ ಸುತ್ತಿ, ಗೂಟ ಹೊಡೆಯಿರಿ. ಏಪ್ರಿಲ್‌ನಲ್ಲಿ ಕಂದಕ, ಬದು. ಭರಣಿ, ಕೃತ್ತಿಕೆ ಮಳೆಗೆ ನೆಲ ಮೆತ್ತಗಾದಾಗ ಹುಲ್ಲಿನ ಬೀಜ ಚೆಲ್ಲಿ. ಸಸಿ ನೆಡುವುದು ಮಳೆ ಹಿಡಿದ ಮೇಲೆ. ಆದರೆ ಸುಣ್ಣದ ಕಲ್ಲಿನ ಫೋಟೊ, ಹಗ್ಗದ ಎಣಿಕೆ ಇವೆರಡನ್ನು ಮೊದಲ ಗುದ್ದಲಿ ಬೀಳುವ ಮುಂಚೆಯೇ ಮುಗಿಸಿಕೊಳ್ಳಿ. ನೆಲ ಅಗೆದ ಮೇಲೆ ‘ಮೊದಲು ಹೇಗಿತ್ತು’ ಅನ್ನುವ ಫೋಟೊ ಎಲ್ಲೂ ಸಿಗುವುದಿಲ್ಲ.